ಪರದೇಶದ ಅತಿಥಿ ನಮ್ಮೂರ ಕೆರೆ ನೋಡಲು ಬಂದಾಗ

ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗಳು ಫೋನ್ ಮಾಡುತ್ತಾಳೆ. “ಅಮ್ಮಾ, ನನ್ನ ಆಫೀಸಿನ ಜರ್ಮನಿಯವಳೊಬ್ಬಳು ನಮ್ಮೂರಿಗೆ ಬರ್ತಾಳಂತೆ. ನಾಲ್ಕು ದಿನ ಇರ್ತಾಳೆ. ನನಗೆ ರಜೆ ಇಲ್ಲ. ನೀನೇ ಸ್ವಲ್ಪ ತಿರುಗಾಡಿಸು.”

ಫೋನ್ ಇಟ್ಟ ಕೂಡಲೇ ನಿಮ್ಮ ಎದೆ ಡವಡವ! ಬಚ್ಚಲಿಗೆ ಹೊಸ ಬಕೆಟ್ ಬೇಕು, ಮಂಚಕ್ಕೆ ಹೊಸ ಹಾಸು ಬೇಕು, ಊಟಕ್ಕೆ ಚಮಚ ಹುಡುಕಬೇಕು. ಇಂಗ್ಲಿಷು ಬೇರೆ ನಾಲಿಗೆಗೆ ಸರಿಯಾಗಿ ಹೊರಳದು. “ಅವಳನ್ನು ಎಲ್ಲಿಗೆ ಕರಕೊಂಡು ಹೋಗುವುದು ಮಾರಾಯ್ತಿ? ನಮ್ಮಲ್ಲಿ ನೋಡಲಿಕ್ಕೆ ಎಂಥ ಉಂಟು?” ಎಂದು ನೆರೆಮನೆಯಾಕೆಯನ್ನು ಕೇಳುತ್ತೀರಿ.

ಸೋದರಿಯರೇ, ಗಾಬರಿ ಬೇಡ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕಡೆ ಇರುವವರಿಗೆ ತೋರಿಸಲು ಬೇಕಾದಷ್ಟಿದೆ. ಬಂದವಳಿಗೆ ಬೇಕಾದದ್ದು ಹೊಸ ಹಾಸೂ ಅಲ್ಲ, ಚಮಚವೂ ಅಲ್ಲ. ಯಾವ ಬಸ್ಸು ಹತ್ತಬೇಕು, ಎಲ್ಲಿ ಚಪ್ಪಲಿ ಬಿಡಬೇಕು, ಯಾವ ನೀರಿಗೆ ಇಳಿಯಬಾರದು ಎಂದು ಹೇಳಲು ಜೊತೆಗೊಬ್ಬರು ಬೇಕು. ಆ ಕೆಲಸ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು, ಹೇಳಿ?

ನಾನೂರು ವರ್ಷದ ಹಿಂದಿನ ಅತಿಥಿ

ನಮ್ಮ ಕಡೆಗೆ ಪರದೇಶದವರು ಬರುವುದು ಹೊಸತೇನಲ್ಲ. ೧೬೨೩ರ ಡಿಸೆಂಬರಿನಲ್ಲಿ ಪಿಯೆತ್ರೊ ದೆಲ್ಲ ವಾಲ್ಲೆ ಎಂಬ ರೋಮ್ ನಗರದ ಗೃಹಸ್ಥ ಇಕ್ಕೇರಿಯನ್ನು ನೋಡಿಕೊಂಡು ಮಂಗಳೂರಿಗೆ ಬಂದ. ವ್ಯಾಪಾರಕ್ಕೆ ಬಂದವನಲ್ಲ, ಊರು ನೋಡಲೆಂದೇ ಬಂದವನು. ಉಳ್ಳಾಲದ ರಾಣಿಯನ್ನು ಕಾಣಬೇಕೆಂಬ ಆಸೆಯಿಂದ ಮಣೇಲಿಗೆ ಹೋದ. ಈಗ ಮಂಗಳೂರಿನಿಂದ ಮೂಡುಬಿದಿರೆಗೆ ಬರುವಾಗ ಗಂಜಿಮಠ ಸಿಗುತ್ತದಲ್ಲ, ಅಲ್ಲಿಂದ ಒಳಗೆ ಮಳಲಿಯ ಹತ್ತಿರ ಗುರುಪುರ ಹೊಳೆಯ ಬದಿಯಲ್ಲಿದೆ ಈ ಮಣೇಲು.

ದಾರಿಯಲ್ಲೇ ರಾಣಿ ಎದುರಾದಳು. ಪಲ್ಲಕ್ಕಿ ಇಲ್ಲ, ಆನೆ ಇಲ್ಲ. ಬರಿಗಾಲು, ಸಾದಾ ಹತ್ತಿಯ ಬಟ್ಟೆ, ಬಿಸಿಲಿಗೆ ತಾಳೆಗರಿಯ ಕೊಡೆ. ಆಕೆ ಹೊರಟದ್ದು ಅಲ್ಲಿ ತೋಡಿಸುತ್ತಿದ್ದ ನೀರಿನ ಕಾಲುವೆಯ ಕೆಲಸ ನೋಡಲಿಕ್ಕೆ. ಪ್ರವಾಸಿಗೆ ಮೊದಲ ನೋಟಕ್ಕೆ ಆಕೆ ಅಡುಗೆಯವಳಂತೆ, ಬಟ್ಟೆ ಒಗೆಯುವವಳಂತೆ ಕಂಡಳಂತೆ. ಹಾಗೆಂದೇ ಊರಿಗೆ ಪತ್ರ ಬರೆದ! ಆದರೆ ಮಾತಿಗೆ ನಿಂತ ಮೇಲೆ ಆಕೆಯ ಗಾಂಭೀರ್ಯ, ವಿವೇಕ ನೋಡಿ ರಾಣಿಯೇ ಸರಿ ಎಂದು ಒಪ್ಪಿಕೊಂಡ. ಅದನ್ನೂ ಮುಚ್ಚಿಡದೆ ಬರೆದ.

ನೋಡಿ, ಮಾತಿಲ್ಲದೆ ನೋಡಿದರೆ ಬರಿಗಾಲು ಮಾತ್ರ ಕಾಣುತ್ತದೆ. ಮಾತಾಡಿದರೆ ರಾಣಿ ಕಾಣುತ್ತಾಳೆ. ನಿಮ್ಮ ಮನೆಗೆ ಬಂದ ಅತಿಥಿಯ ವಿಚಾರದಲ್ಲೂ ಇದೇ ಮಾತು. ನೀವು ಜೊತೆಗಿದ್ದು ನಾಲ್ಕು ಮಾತು ಹೇಳದಿದ್ದರೆ ಆಕೆ ಪಾಚಿಗಟ್ಟಿದ ಒಂದು ಹೊಂಡವನ್ನು ಮಾತ್ರ ನೋಡಿ ಹೋದಾಳು.

ಇಷ್ಟು ಮಳೆ, ಮತ್ತೆ ಕೆರೆ ಏಕೆ?

ಈ ಪ್ರಶ್ನೆಯನ್ನು ಆಕೆ ಕೇಳಿಯೇ ಕೇಳುತ್ತಾಳೆ, ಉತ್ತರ ತಯಾರು ಮಾಡಿಟ್ಟುಕೊಳ್ಳಿ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು ೪,೦೦೦ ಮಿಲ್ಲಿಮೀಟರ್ ಮಳೆ ಬೀಳುತ್ತದೆ. ಆದರೆ ಹೆಚ್ಚುಕಡಿಮೆ ಎಲ್ಲವೂ ಜೂನ್‌ನಿಂದ ಸೆಪ್ಟೆಂಬರಿನ ಒಳಗೆ. ಮುರಕಲ್ಲಿನ ನೆಲ, ಗುಡ್ಡದ ಇಳಿಜಾರು. ಬಿದ್ದ ನೀರು ತೋಡು ಸೇರಿ, ಹೊಳೆ ಸೇರಿ, ಕಡಲಿಗೆ ಓಡಿಬಿಡುತ್ತದೆ. ಮಾರ್ಚ್ ಬಂದಿತೆಂದರೆ ಬಾವಿಯ ತಳ ಕಾಣುತ್ತದೆ. ಹಾಗಾಗಿ ಓಡುವ ನೀರನ್ನು ಹಿಡಿದು ನಿಲ್ಲಿಸಲು ಹಿರಿಯರು ಕೆರೆ ತೋಡಿದರು. ಕೆರೆ ತುಂಬಿದ್ದರೆ ಸುತ್ತಲಿನ ಬಾವಿಯಲ್ಲೂ ನೀರು. ಏಣೆಲು, ಸುಗ್ಗಿ ಆದ ಮೇಲೆ ಮೂರನೆಯ ಕೊಳಕೆ ಬೆಳೆ ತೆಗೆಯುವ ಗದ್ದೆಗೂ ಈ ನೀರೇ ಆಧಾರ.

ಮೂಡುಬಿದಿರೆಯಲ್ಲಿ ೧೮ ಬಸದಿ, ೧೮ ದೇವಸ್ಥಾನ, ೧೮ ಕೆರೆ ಎಂಬ ಮಾತು ನೀವೂ ಕೇಳಿರುತ್ತೀರಿ. ಬೆಳ್ತಂಗಡಿಯ ಪಕ್ಕದ ಪೇಟೆಯ ಹೆಸರೇ ಗುರುವಾಯನಕೆರೆ. ಬಂಟ್ವಾಳ ತಾಲೂಕಿನ ಕಾರಿಂಜದಲ್ಲಿ ಗುಡ್ಡದ ಮೇಲೇ ನೀರು. ಹೀಗೆ ಕೆರೆಯಿಂದ ಕೆರೆಗೆ ಹೋದರೆ ಮೂರು ತಾಲೂಕು ಸುತ್ತಿದ ಹಾಗೂ ಆಯಿತು, ಊರಿನ ಕಥೆ ಹೇಳಿದ ಹಾಗೂ ಆಯಿತು.

ಮೊದಲ ದಿನ: ಮೂಡುಬಿದಿರೆ

ಬೆಳಿಗ್ಗೆ ಬೇಗ ಹೊರಡಿ. ಸಾವಿರ ಕಂಬದ ಬಸದಿ ಕಟ್ಟಿಸಿದ್ದು ೧೪೩೦ರಲ್ಲಿ. ತ್ರಿಭುವನ ತಿಲಕ ಚೂಡಾಮಣಿ ಎಂದು ಅದರ ಇನ್ನೊಂದು ಹೆಸರು. ಒಂದು ಕಂಬದಂತೆ ಇನ್ನೊಂದಿಲ್ಲ. ಮುಂದಿನ ಭೈರಾದೇವಿ ಮಂಟಪದ ಅಡಿಯ ಕಲ್ಲನ್ನು ಬಗ್ಗಿ ನೋಡಲು ಹೇಳಿ: ಜಿರಾಫೆ ಇದೆ, ಚೀನಾದ ಡ್ರ್ಯಾಗನ್ ಇದೆ! ಕಡಲಾಚೆಯ ವ್ಯಾಪಾರ ಆಗಲೇ ಎಷ್ಟು ಬೆಳೆದಿತ್ತು ಎಂದು ಆಕೆಗೆ ತಾನಾಗಿಯೇ ತಿಳಿಯುತ್ತದೆ.

ಅಲ್ಲಿಂದ ಚೌಟರ ಅರಮನೆ. ಮೇಲೆ ಹೇಳಿದ ಉಳ್ಳಾಲದ ರಾಣಿ ಇದೇ ಚೌಟ ಮನೆತನದವಳು. ಅರಮನೆಯ ಮರದ ಕಂಬದಲ್ಲಿ ಒಂಬತ್ತು ಹೆಂಗಸರು ಸೇರಿ ಆದ ಆನೆ, ಐವರು ಸೇರಿ ಆದ ಕುದುರೆ ಕೆತ್ತಿದ್ದಾರೆ. ನವನಾರಿ ಕುಂಜರ, ಪಂಚನಾರಿ ತುರಗ ಎಂದು ಹೆಸರು. ಇದನ್ನು ನೋಡಿದ ನಮ್ಮ ಅತಿಥಿ, “ನಿಮ್ಮೂರಿನಲ್ಲಿ ಆನೆಯನ್ನೂ ಹೆಂಗಸರೇ ಹೊತ್ತಿದ್ದಾರೆ” ಎಂದು ನಕ್ಕಿದ್ದಳು. ಒಳಗೆ ಮನೆಯವರು ವಾಸವಿದ್ದಾರೆ. ಬಾಗಿಲಲ್ಲಿ ಕೇಳಿಕೊಂಡೇ ಒಳಗೆ ಹೋಗಿ.

ಗುರು ಬಸದಿಯಲ್ಲಿ ಧವಳ, ಜಯಧವಳ, ಮಹಾಧವಳ ಎಂಬ ತಾಳೆಗರಿ ಗ್ರಂಥಗಳನ್ನು ಶತಮಾನಗಳ ಕಾಲ ಕಾಪಾಡಿದರು. ಒಳಗಿನ ದರ್ಶನ ಬೇಕಿದ್ದರೆ ಮೊದಲೇ ವಿಚಾರಿಸಿಕೊಳ್ಳಿ.

ಬಿಸಿಲು ಇಳಿದ ಮೇಲೆ ಕಡಲಕೆರೆ. ಹೆಸರಿಗೆ ತಕ್ಕಂತೆ ದೊಡ್ಡ ಕೆರೆ. ಮರದ ನೆರಳಿದೆ, ಕೂತು ಹರಟಲು ಜಾಗವಿದೆ. ಕೋಟಿ ಚೆನ್ನಯ ಜೋಡುಕರೆ ಕಂಬಳ ನಡೆಯುವುದು ಇಲ್ಲಿಯೇ. ಕಂಬಳದ ಕಾಲ ನವೆಂಬರಿನಿಂದ ಮಾರ್ಚ್‌ವರೆಗೆ. ಆ ಸಮಯಕ್ಕೆ ಬಂದವರ ಪುಣ್ಯ!

ಎರಡನೆಯ ದಿನ: ವೇಣೂರು, ಗುರುವಾಯನಕೆರೆ, ಬೆಳ್ತಂಗಡಿ

ಮೂಡುಬಿದಿರೆಯಿಂದ ಬೆಳ್ತಂಗಡಿ ಬಸ್ಸು ಹತ್ತಿದರೆ ಸುಮಾರು ೨೦ ಕಿಲೋಮೀಟರಿಗೆ ವೇಣೂರು. ಫಲ್ಗುಣಿ ಹೊಳೆಯ ದಡದಲ್ಲಿ ತಿಮ್ಮಣ್ಣ ಅಜಿಲರು ೧೬೦೪ರಲ್ಲಿ ನಿಲ್ಲಿಸಿದ ಗೊಮ್ಮಟ, ೩೫ ಅಡಿ ಎತ್ತರ. ಮಹಾಮಸ್ತಕಾಭಿಷೇಕ ೨೦೧೨ರಲ್ಲಿ ಆಯಿತು, ಮತ್ತೆ ೨೦೨೪ರಲ್ಲಿ ಆಯಿತು. ಬೇರೆ ದಿನಗಳಲ್ಲಿ ಹೋದರೆ ಗುಬ್ಬಚ್ಚಿಯ ಸದ್ದು ಕೇಳುವಷ್ಟು ನೆಮ್ಮದಿ.

೧೮೦೧ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯ ಕಂಪೆನಿ ಸರಕಾರಕ್ಕಾಗಿ ಊರೂರು ನೋಡಿ ಬರೆಯುತ್ತಾ ಬಂಟ್ವಾಳ, ಬೆಳ್ತಂಗಡಿ, ವೇಣೂರು, ಮೂಡುಬಿದಿರೆ ದಾರಿಯಾಗಿ ಹೋದ. ಗದ್ದೆ, ಬೆಳೆ, ಬೆಲೆ ಎಲ್ಲವನ್ನೂ ಜನರಿಂದ ಕೇಳಿ ಬರೆದುಕೊಂಡ. ೧೮೦೭ರಲ್ಲಿ ಅದು ಪುಸ್ತಕವಾಯಿತು. ನೀವೀಗ ಬಸ್ಸಿನಲ್ಲಿ ಹೋಗುವುದು ಬಹುಮಟ್ಟಿಗೆ ಆತ ಹೋದ ದಾರಿಯಲ್ಲೇ. ಆತ ಆ ಕಡೆಯಿಂದ ಬಂದ, ನೀವು ಈ ಕಡೆಯಿಂದ ಹೋಗುತ್ತೀರಿ, ಅಷ್ಟೇ.

ಗುರುವಾಯನಕೆರೆಯಲ್ಲಿ ಇಳಿದು ಕೆರೆಯ ಏರಿಯ ಮೇಲೆ ಸ್ವಲ್ಪ ನಡೆಯಿರಿ. ಬೆಳ್ತಂಗಡಿಯಿಂದ ಆಚೆಗೆ ಗಡಾಯಿಕಲ್ಲು ಕಾಣುತ್ತದೆ. ಟಿಪ್ಪು ಸುಲ್ತಾನ ೧೭೯೪ರಲ್ಲಿ ಕೋಟೆ ಕಟ್ಟಿಸಿ ಜಮಾಲಾಬಾದ್ ಎಂದು ಹೆಸರಿಟ್ಟ. ಕಡಿದಾದ ಮೆಟ್ಟಿಲು. ಮಂಡಿ ನೋವಿದ್ದರೆ ಕೆಳಗಿನಿಂದಲೇ ನೋಡಿ ಕೈಮುಗಿಯಿರಿ. ಮಳೆಗಾಲದಲ್ಲಂತೂ ಹತ್ತುವ ಮಾತೇ ಬೇಡ. ಇದು ಕಾಡಿನ ಇಲಾಖೆಗೆ ಸೇರಿದ ಜಾಗ, ಟಿಕೇಟು ಕೊಂಡೇ ಹೋಗಬೇಕು.

ರಾತ್ರಿ ಉಳಿಯುವುದಾದರೆ ಧರ್ಮಸ್ಥಳ ಹತ್ತಿರ. ೩೯ ಅಡಿಯ ಬಾಹುಬಲಿಯನ್ನು ೧೯೮೨ರಲ್ಲಿ ಪ್ರತಿಷ್ಠಾಪಿಸಿದರು. ಮಂಜೂಷಾ ವಸ್ತುಸಂಗ್ರಹಾಲಯದಲ್ಲಿ ಅರ್ಧ ದಿನ ಕಳೆದದ್ದೇ ಗೊತ್ತಾಗದು. ಸಾವಿರಾರು ಜನರ ನಡುವೆ ಪಂಕ್ತಿಯಲ್ಲಿ ಕೂತು ಉಣ್ಣುವುದು ಪರದೇಶದವರು ಜನ್ಮದಲ್ಲಿ ಮರೆಯದ ಅನುಭವ.

ಮೂರನೆಯ ದಿನ: ಕಾರಿಂಜ, ಬಂಟ್ವಾಳ

ಬೆಳ್ತಂಗಡಿಯಿಂದ ಪುಂಜಾಲಕಟ್ಟೆ ದಾರಿಯಾಗಿ ಬಿ.ಸಿ. ರೋಡಿನ ಬಸ್ಸು ಹಿಡಿದು, ವಗ್ಗದಲ್ಲಿ ಇಳಿದು ಆಟೋ ಮಾಡಿಕೊಂಡರೆ ಕಾರಿಂಜ. ಬಂಡೆಯ ಗುಡ್ಡ, ನಡುವೆ ಪಾರ್ವತಿ, ತುದಿಯಲ್ಲಿ ಈಶ್ವರ. ಭೀಮ ಗದೆ ಎಸೆದದ್ದಕ್ಕೆ ಗದಾತೀರ್ಥವಾಯಿತು, ಮಂಡಿಯೂರಿದ್ದಕ್ಕೆ ಜಾನುತೀರ್ಥವಾಯಿತು, ಹೆಬ್ಬೆರಳು ಊರಿದ್ದಕ್ಕೆ ಅಂಗುಷ್ಠತೀರ್ಥವಾಯಿತು ಎಂದು ಕಥೆ. ಈ ಕಥೆಯನ್ನು ಕೈಸನ್ನೆಯಲ್ಲೇ ಹೇಳಬಹುದು, ಇಂಗ್ಲಿಷು ಬೇಡವೇ ಬೇಡ! ಆದರೆ ಅಲ್ಲಿನ ಮಂಗಗಳ ಬಗ್ಗೆ ಮೊದಲೇ ಎಚ್ಚರಿಸಿ. ಕೈಯಲ್ಲಿ ತಿಂಡಿಯ ಕಟ್ಟು, ತೋಳಲ್ಲಿ ಸಡಿಲವಾದ ಚೀಲ ಕಂಡರೆ ಬಿಡವು.

ಬಂಟ್ವಾಳದಲ್ಲಿ ನೇತ್ರಾವತಿಯ ದಡ, ಪಾಣೆಮಂಗಳೂರಿನ ಸೇತುವೆ. ಬಿ.ಸಿ. ರೋಡಿನ ಹತ್ತಿರ ಸಂಚಯಗಿರಿಯಲ್ಲಿ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರವಿದೆ. ನಮ್ಮ ಅಜ್ಜಿಯಂದಿರ ಅಡುಗೆಮನೆಯ, ಗದ್ದೆಯ ಸಾಮಾನುಗಳೆಲ್ಲ ಅಲ್ಲಿವೆ. ತೆರೆದಿರುವ ಸಮಯ ವಿಚಾರಿಸಿಕೊಂಡು ಹೋಗಿ.

ಇನ್ನೊಂದು ದಿನ ಕೈಯಲ್ಲಿದ್ದರೆ ಕಾರ್ಕಳದ ಆನೆಕೆರೆ ಬಸದಿ, ಅದರಾಚೆ ವರಂಗದ ಕೆರೆ ಬಸದಿ. ವರಂಗದಲ್ಲಿ ಬಸದಿ ಇರುವುದು ಕೆರೆಯ ನಡುವೆ. ಚಿಕ್ಕ ದೋಣಿಯಲ್ಲೇ ಹೋಗಬೇಕು. ಒಂದು ಸಲಕ್ಕೆ ಕೆಲವೇ ಜನ. ಅವಸರ ಮಾಡಬೇಡಿ, ದೋಣಿಯಲ್ಲಿ ನಿಂತು ಫೋಟೋ ತೆಗೆಯುವ ಹುಚ್ಚು ಬೇಡ.

ಕೆರೆಯ ಮೆಟ್ಟಿಲಿನ ಮಾತು

ಈಗ ಮುಖ್ಯವಾದ ವಿಷಯಕ್ಕೆ ಬರುತ್ತೇನೆ. ನಮ್ಮ ಮನೆಗೂ ಇಂಥ ಒಬ್ಬ ಅತಿಥಿ ಬಂದಿದ್ದಳು. ಒಂದು ದೇವಸ್ಥಾನದ ಕೆರೆಯ ಬಳಿ ನಾನು ಯಾರೋ ಪರಿಚಯದವರ ಜೊತೆ ಮಾತಿಗೆ ನಿಂತೆ. ಎರಡು ನಿಮಿಷ ಅಷ್ಟೇ. ಅಷ್ಟರಲ್ಲಿ ಆಕೆ ಬೂಟು ಕಳಚಿ ಮೂರನೆಯ ಮೆಟ್ಟಿಲಿಗೆ ಇಳಿದಿದ್ದಾಳೆ. ಅವಳ ಊರಿನಲ್ಲಿ ಕೆರೆಯೆಂದರೆ ಈಜುವುದಕ್ಕೇ ತಾನೇ? ಹಸಿರು ಪಾಚಿಯ ಮೇಲೆ ಕಾಲಿಡುವ ಹೊತ್ತಿಗೆ ಹೂ ಕಟ್ಟುತ್ತಾ ಕೂತಿದ್ದ ಅಜ್ಜಿಯೊಬ್ಬರು “ಉಂತುಲೆ!” ಎಂದು ಕೂಗಿದರು. ತುಳು ಬಾರದ ಹುಡುಗಿ ಆ ದನಿಗೇ ಕಲ್ಲಿನಂತೆ ನಿಂತಳು. ಅಜ್ಜಿ ಎದ್ದು ಬಂದು ಕೈಹಿಡಿದು ಮೇಲೆ ತಂದರು. ಆಮೇಲೆ ನನ್ನ ಕಡೆ ತಿರುಗಿ, “ಕರಕೊಂಡು ಬಂದವರು ಹೇಳಬಾರದಾ?” ಎಂದರು. ನನ್ನ ತಲೆ ತಗ್ಗಿತು.

ಅಜ್ಜಿ ಹೇಳಿದ್ದು ಸರಿ. ನಮಗೆ ಹುಟ್ಟಿನಿಂದ ಗೊತ್ತಿರುವುದು ಬಂದವಳಿಗೆ ಗೊತ್ತಿರುವುದಿಲ್ಲ. ಆದ್ದರಿಂದ ಮನೆಯಿಂದ ಹೊರಡುವ ಮೊದಲೇ ಇಷ್ಟನ್ನು ಹೇಳಿ:

ಕೆರೆಯ ಮೆಟ್ಟಿಲು ಜಾರುತ್ತದೆ, ನೀರಿನ ಒಳಗೆ ಎಷ್ಟು ಆಳವೆಂದು ಮೇಲಿನಿಂದ ತಿಳಿಯದು. ದೇವಸ್ಥಾನದ ಕೆರೆಗೆ ಅದರದೇ ನೇಮ ಉಂಟು, ಕೇಳದೆ ಇಳಿಯಬಾರದು. ಮಳೆಗಾಲದ ಹೊಳೆಗಂತೂ ಯಾರೂ ಇಳಿಯಬಾರದು. ಕಾಲಿನಲ್ಲಿ ಗಾಯವಿದ್ದರೆ ನಿಂತ ನೀರು, ಕೆಸರು ಮುಟ್ಟಬಾರದು. ನಮ್ಮ ಕರಾವಳಿಯಲ್ಲಿ ಇಲಿಜ್ವರ ಇದೆ. ನೀರಿಗೆ ಇಳಿದು ಬಂದವರಿಗೆ ಕೆಲವು ದಿನಗಳಲ್ಲಿ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪು ಬಂದರೆ ತಡಮಾಡದೆ ಡಾಕ್ಟರಿಗೆ ತೋರಿಸಿ, ನೀರಿಗೆ ಇಳಿದದ್ದನ್ನೂ ಹೇಳಿ.

ಕಾಗದಪತ್ರ ಮತ್ತು ಬಸ್ಸು

ಪರದೇಶದವರು ಹೋಟೆಲಿನಲ್ಲಿ ಇಳಿಯಲಿ, ನಿಮ್ಮ ಮನೆಯಲ್ಲೇ ಇಳಿಯಲಿ, ೨೪ ಗಂಟೆಯೊಳಗೆ ಸರಕಾರಕ್ಕೆ ತಿಳಿಸಬೇಕು. “ಸಿ ಫಾರ್ಮ್” ಎಂದು ರೂಢಿಯ ಹೆಸರು. ಈಗ ಕಂಪ್ಯೂಟರಿನಲ್ಲೇ ತುಂಬಬಹುದು. ಮಕ್ಕಳ ಸಹಾಯ ತೆಗೆದುಕೊಳ್ಳಿ, ಇಲ್ಲವೇ ಹತ್ತಿರದ ಠಾಣೆಯಲ್ಲಿ ವಿಚಾರಿಸಿ. ನಾಚಿಕೆ, ಹೆದರಿಕೆ ಬೇಡ. ಪಾಸ್‌ಪೋರ್ಟು, ವೀಸಾದ ಒಂದೊಂದು ನಕಲು ನಿಮ್ಮ ಕೈಯಲ್ಲಿರಲಿ. ಉಪಗ್ರಹ ಫೋನನ್ನು ಪರವಾನಿಗೆ ಇಲ್ಲದೆ ನಮ್ಮ ದೇಶಕ್ಕೆ ತರುವಂತಿಲ್ಲ. ಚಾರಣದ ಹುಚ್ಚಿನವರಾದರೆ ಇದನ್ನು ಮುಂಚೆಯೇ ಬರೆದು ತಿಳಿಸಿ.

ನಮ್ಮ ಕಡೆ ಖಾಸಗಿ ಬಸ್ಸುಗಳೇ ಜಾಸ್ತಿ. ನಿಲ್ಲುವುದು ಅರೆಕ್ಷಣ. ಹತ್ತುವಾಗ ಅತಿಥಿಯನ್ನು ಮೊದಲು ಹತ್ತಿಸಿ, ಇಳಿಯುವಾಗ ನೀವು ಮೊದಲು ಇಳಿಯಿರಿ. ಸರಕಾರಿ ಬಸ್ಸಿನಲ್ಲಿ ೨೦೨೩ರ ಜೂನ್‌ನಿಂದ ರಾಜ್ಯದ ಹೆಂಗಸರಿಗೆ ಟಿಕೇಟಿನ ದುಡ್ಡಿಲ್ಲ, ಆದರೆ ಪರದೇಶದವಳು ಕೊಡಬೇಕು. “ನಿಮಗೇಕೆ ಸೊನ್ನೆ, ನನಗೇಕೆ ಇಷ್ಟು?” ಎಂದು ನಮ್ಮವಳು ಕೇಳಿದಾಗ ವಿವರಿಸುವಷ್ಟರಲ್ಲಿ ಊರೇ ಬಂತು! ಚಿಲ್ಲರೆ ಹಣ ಕೈಯಲ್ಲಿರಲಿ. ಫೋನಿನಲ್ಲಿ ದುಡ್ಡು ಕಳಿಸುವ ನಮ್ಮ ಪದ್ಧತಿ ಅವರಿಗೆ ಎಲ್ಲ ಕಡೆ ನಡೆಯದು.

ತಿರುಗಾಡಲು ಒಳ್ಳೆಯ ಕಾಲ ನವೆಂಬರಿನಿಂದ ಫೆಬ್ರವರಿ. ಕೆರೆಗಳಲ್ಲಿ ನೀರಿರುತ್ತದೆ, ಬಿಸಿಲೂ ಸಹಿಸುವಂತಿರುತ್ತದೆ. ಮಳೆಗಾಲದಲ್ಲಿ ಚಾರ್ಮಾಡಿ ಘಾಟಿಯಾಗಿ ಬರುವವರು ದಾರಿ ತೆರೆದಿದೆಯೇ ಎಂದು ಕೇಳಿಯೇ ಹೊರಡಬೇಕು. ೨೦೧೯ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಘಾಟಿಯೇ ಮುಚ್ಚಿತ್ತು. ತುರ್ತಿಗೆ ೧೧೨, ಮಹಿಳೆಯರ ಸಹಾಯಕ್ಕೆ ೧೮೧, ಪ್ರವಾಸಿಗರಿಗೆ ೧೩೬೩. ಈ ಮೂರು ನಂಬರನ್ನು ಬರೆದು ಆಕೆಯ ಚೀಲದಲ್ಲಿಡಿ.

ಉಡುಗೆ, ಫೋಟೋ

ಭುಜ, ಮಂಡಿ ಮುಚ್ಚುವ ಹತ್ತಿ ಬಟ್ಟೆ ಸಾಕು. ಸೀರೆ ಉಡಿಸುವ ಆಸೆ ನಿಮಗಿದ್ದರೆ ಮನೆಯಲ್ಲಿ ಉಡಿಸಿ, ಬಸ್ಸಿಗೆ ಬೇಡ! ಬಸದಿಗೆ ಚರ್ಮದ ಬೆಲ್ಟು, ಚೀಲ ಒಯ್ಯಬಾರದು. ಜೈನರ ಮನೆಗೆ ಊಟಕ್ಕೆ ಹೋಗುವುದಿದ್ದರೆ ಸೂರ್ಯ ಮುಳುಗುವ ಮೊದಲೇ ಹೋಗಿ. ಭೂತಕೋಲಕ್ಕೆ ಕರಕೊಂಡು ಹೋದರೆ ಮನೆಯ ಯಜಮಾನರನ್ನು ಕೇಳದೆ ಕ್ಯಾಮರಾ ತೆಗೆಯಕೂಡದು.

ಇನ್ನೊಂದು ಮಾತು. ಬಿಳಿಯವಳನ್ನು ಕಂಡ ಕೂಡಲೇ ಸುತ್ತ ನಿಂತು ಸೆಲ್ಫಿ ಕೇಳುವವರಿದ್ದಾರೆ. ಒಬ್ಬರು, ಇಬ್ಬರು ಸರಿ. ಇಪ್ಪತ್ತು ಮಂದಿಯಾದರೆ ಯಾರಿಗೆ ತಾನೆ ಸುಸ್ತಾಗದು? ಆಕೆಯ ಮುಖ ನೋಡಿ ತಿಳಿದುಕೊಳ್ಳಿ. “ಸಾಕು ಮಕ್ಕಳೇ, ಅಕ್ಕನಿಗೆ ಬಸ್ಸಿಗೆ ಹೊತ್ತಾಯಿತು” ಎಂದು ನೀವೇ ಬಿಡಿಸಿಕೊಂಡು ಬನ್ನಿ.

ಊಟಕ್ಕೆ ಏನು ಮಾಡಲಿ?

ಪೇಟೆಯ ಬ್ರೆಡ್ಡಿಗೆ ಓಡಬೇಡಿ. ನೀರುದೋಸೆಗೆ ಒಲ್ಲೆನೆನ್ನುವವರಿಲ್ಲ. ಎರಡು ಲೋಟ ಬೆಳ್ತಿಗೆ ಅಕ್ಕಿಯನ್ನು ಮೂರು ಗಂಟೆ ನೆನೆಹಾಕಿ, ಬೇಕಿದ್ದರೆ ಒಂದು ಹಿಡಿ ತೆಂಗಿನತುರಿ ಸೇರಿಸಿ ನುಣ್ಣಗೆ ರುಬ್ಬಿ. ಉಪ್ಪು ಹಾಕಿ, ಮಜ್ಜಿಗೆಯಷ್ಟು ತೆಳುವಾಗುವಂತೆ ನೀರು ಬೆರೆಸಿ. ಚೆನ್ನಾಗಿ ಕಾದ ಕಾವಲಿಗೆ ಎಣ್ಣೆ ಸವರಿ, ಹಿಟ್ಟನ್ನು ಹೊಯ್ದು ಮುಚ್ಚಿಡಿ. ಸೌಟಿನಿಂದ ಹರಡಬಾರದು, ಮಗುಚಲೂಬಾರದು. ಅಂಚು ಬಿಟ್ಟ ಕೂಡಲೇ ಮಡಚಿ ತೆಗೆಯಿರಿ. ಪ್ರತಿ ಸಲ ಹಿಟ್ಟನ್ನು ಕಲಕಿಯೇ ಹೊಯ್ಯಬೇಕು. ಜೊತೆಗೆ ಕಾಯಿಬೆಲ್ಲ. ಖಾರವೇ ಇಲ್ಲ! ಮಧ್ಯಾಹ್ನ ಕುಚ್ಚಲಕ್ಕಿ ಗಂಜಿ, ತಿಮರೆ ಚಟ್ನಿ. ಬಿಸಿಲಿನಿಂದ ಬಂದಾಗ ಪುನರ್ಪುಳಿ ಶರಬತ್ತು, ಇಲ್ಲವೇ ಬೊಂಡ. ಕುಡಿಯಲು ಕುದಿಸಿ ಆರಿಸಿದ ನೀರು ಮಾತ್ರ.

ಹೊರಡುವ ದಿನ

ಹೊರಡುವ ಹಿಂದಿನ ಸಂಜೆ ನಮ್ಮ ಅತಿಥಿ ಒಂದು ಪ್ರಶ್ನೆ ಕೇಳಿದಳು: “ಈ ಕೆರೆಯ ಹೂಳು ತೆಗೆಯುವವರು ಯಾರು?” ನನಗೆ ಉತ್ತರ ಗೊತ್ತಿರಲಿಲ್ಲ. ನನ್ನ ಅಮ್ಮನಿಗೆ ಗೊತ್ತಿತ್ತು. ಯಾವ ಬಾವಿ ಮೊದಲು ಬತ್ತುತ್ತದೆ, ಯಾವ ಕೆರೆ ಬೇಸಿಗೆಯ ಕೊನೆಯವರೆಗೂ ನಿಲ್ಲುತ್ತದೆ ಎಂದು ಆಕೆ ಬೆರಳೆಣಿಸಿ ಹೇಳುತ್ತಿದ್ದಳು, ನೀರು ಹೊರುವವಳು ಅವಳೇ ಆಗಿದ್ದಳಲ್ಲ. ನಳ್ಳಿ ಬಂದ ಮೇಲೆ, ಬೋರ್‌ವೆಲ್ ಬಂದ ಮೇಲೆ ನಮ್ಮ ಸೊಂಟಕ್ಕೆ ಸುಖವಾಯಿತು, ನಿಜ. ಆದರೆ ಕೆರೆಯ ಕಡೆ ತಲೆಹಾಕುವುದನ್ನೂ ಬಿಟ್ಟೆವು.

ಮರುವಾರ ನಾವು ನಾಲ್ಕು ಮಂದಿ ಹೆಂಗಸರು ಪಂಚಾಯತಿಗೆ ಹೋಗಿ ಅದೇ ಪ್ರಶ್ನೆಯನ್ನು ಕೇಳಿದೆವು. ಅರ್ಜಿ ಬರೆದು ಕೊಟ್ಟು ಬಂದೆವು. ಮುಂದಿನದನ್ನು ನೋಡಬೇಕು.

ನಿಮ್ಮ ಮನೆಗೂ ಅಂಥ ಅತಿಥಿ ಬಂದರೆ ಸಂಕೋಚಪಡದೆ ಕೆರೆಯ ಕಡೆ ಕರಕೊಂಡು ಹೋಗಿ. ಆಕೆಗೆ ದಾರಿ ತೋರಿಸುವ ನೆಪದಲ್ಲಿ ನೀವೂ ಒಂದು ಸಲ ನೋಡಿ ಬಂದ ಹಾಗಾಗುತ್ತದೆ. ಏನಂತೀರಿ?